ಕೊಡಗಿನ ಅರಸರ ಭಾವಚಿತ್ರಗಳು

ಕೊಡಗಿನ ಅರಸರ ಭಾವಚಿತ್ರಗಳು ಎಂಬುದು 1834ರವರೆಗೆ ಕೊಡಗನ್ನು ಆಳಿದ ಹಾಲೇರಿ ವಂಶದ ಅರಸರನ್ನೂ ಅವರ ಕುಟುಂಬದವರನ್ನೂ ಚಿತ್ರಿಸಿರುವ ಭಿತ್ತಿಚಿತ್ರ, ವರ್ಣಚಿತ್ರ, ಶಿಲ್ಪ ಹಾಗೂ ಮುದ್ರಿತ ಚಿತ್ರಗಳನ್ನು ಒಳಗೊಂಡ ವಿಷಯ. ಈ ವಂಶದ ಅತ್ಯಂತ ಪ್ರಸಿದ್ಧ ಭಾವಚಿತ್ರವು ಕೊಡಗಿನಲ್ಲಿಲ್ಲ; ಅದು ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಆದ್ದರಿಂದ ಇಂತಹ ಚಿತ್ರಗಳ ಸಂಗ್ರಹವು ಕಲಾಭಿರುಚಿಗೆ ಮಾತ್ರವಲ್ಲದೆ ಇತಿಹಾಸದ ಅಧ್ಯಯನಕ್ಕೂ ಸಂಬಂಧಿಸಿದೆ.

ಹಿನ್ನೆಲೆ

ಹಾಲೇರಿ ಅರಸರು ಲಿಂಗಾಯತರಾಗಿದ್ದು ಮಡಿಕೇರಿಯನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದರು. ದೊಡ್ಡವೀರರಾಜೇಂದ್ರನು 1809ರಲ್ಲಿ ನಿಧನನಾದನು. ಅವನ ತಮ್ಮ ಲಿಂಗರಾಜನು 1820ರವರೆಗೆ ಆಳಿದನು. ಲಿಂಗರಾಜನ ಮಗ ಚಿಕ್ಕವೀರರಾಜೇಂದ್ರನನ್ನು ಈಸ್ಟ್ ಇಂಡಿಯಾ ಕಂಪನಿಯು 1834ರಲ್ಲಿ ಪದಚ್ಯುತಗೊಳಿಸಿ, ಕೊಡಗನ್ನು ತನ್ನ ಆಡಳಿತಕ್ಕೆ ಸೇರಿಸಿಕೊಂಡಿತು. ಇದರಿಂದ ಚಿತ್ರಕಾರರಿಗೆ ಆಶ್ರಯವಾಗಬಹುದಾಗಿದ್ದ ಆಸ್ಥಾನವೇ ಇಲ್ಲವಾಯಿತು. ಇದೇ ಕಾಲದಲ್ಲಿ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಪೋಷಣೆಯಿಂದ ಸಾಂಪ್ರದಾಯಿಕ ಚಿತ್ರಕಲೆಯು ಬೆಳೆಯಿತು.

ಸ್ಥಳೀಯ ಪರಂಪರೆ

ದೊಡ್ಡವೀರರಾಜೇಂದ್ರನು ತಡಿಯಂಡಮೋಳ್ ಬೆಟ್ಟದ ತಪ್ಪಲಿನಲ್ಲಿ 1792–94ರ ಅವಧಿಯಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯು ಮರದ ಕೆತ್ತನೆಗೂ ಭಿತ್ತಿಚಿತ್ರಗಳಿಗೂ ಹೆಸರಾಗಿದೆ. ಇಂತಹ ಚಿತ್ರಗಳಲ್ಲಿ ವ್ಯಕ್ತಿಯ ಮುಖದ ಯಥಾವತ್ ಹೋಲಿಕೆಗಿಂತ ಉಡುಪು, ಆಸನ, ಆಯುಧ, ಪರಿವಾರಗಳ ಮೂಲಕ ಅರಸುತನವನ್ನು ಸೂಚಿಸುವುದೇ ಸಾಮಾನ್ಯ. ಕೊಡವರ ಐನ್‌ಮನೆಗಳ ಬಳಿಯ ಕೈಮಡಗಳಲ್ಲಿ ಕುಲದ ಹಿರಿಯರನ್ನು ಸ್ಮರಿಸಲಾಗುತ್ತದೆ. ಇವು ಪೂಜಾಸ್ಥಾನಗಳಾದುದರಿಂದ ಇಲ್ಲಿನ ವಸ್ತುಗಳನ್ನು ಸಂಗ್ರಹಯೋಗ್ಯ ಸರಕೆಂದು ಪರಿಗಣಿಸುವುದು ಉಚಿತವಲ್ಲ.

ಗೌರಮ್ಮನ ಭಾವಚಿತ್ರ

ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ 1841ರಲ್ಲಿ, ತಂದೆಯು ಗಡೀಪಾರಾಗಿದ್ದ ಕಾಶಿಯಲ್ಲಿ ಜನಿಸಿದಳು. 1852ರಲ್ಲಿ ತಂದೆಯೊಡನೆ ಇಂಗ್ಲೆಂಡಿಗೆ ತೆರಳಿ ಅಲ್ಲಿ ಕ್ರೈಸ್ತ ದೀಕ್ಷೆ ಪಡೆದಾಗ ವಿಕ್ಟೋರಿಯಾ ರಾಣಿಯು ಅವಳ ಧರ್ಮಮಾತೆಯಾಗಿ ತನ್ನ ಹೆಸರನ್ನೇ ನೀಡಿದಳು. ರಾಣಿಯ ಆಸ್ಥಾನದಲ್ಲಿ ಚಿತ್ರ ಬರೆಯುತ್ತಿದ್ದ ಫ್ರಾಂಜ್ ಜೇವರ್ ವಿಂಟರ್‌ಹಾಲ್ಟರ್ ಅವಳನ್ನು ಭಾರತೀಯ ಉಡುಗೆ ತೊಡುಗೆಗಳಲ್ಲಿ ಚಿತ್ರಿಸಿದನು. ಶಿಲ್ಪಿ ಕಾರ್ಲೊ ಮರೊಕೆಟ್ಟಿ ಅವಳ ಎದೆಮಟ್ಟದ ಪ್ರತಿಮೆಯನ್ನು ರೂಪಿಸಿದನು. ಗೌರಮ್ಮ 1864ರಲ್ಲಿ ತೀರಿಕೊಂಡಳು. ಕೊಡಗಿನ ಅರಸುಮನೆತನದ ಪ್ರತೀಕವೆನಿಸಿದ ಈ ಚಿತ್ರದಲ್ಲಿರುವವಳು ಕೊಡಗಿನಲ್ಲಿ ಹುಟ್ಟಿದವಳೂ ಅಲ್ಲ, ಬೆಳೆದವಳೂ ಅಲ್ಲ. ಇದು ಕೊಡಗಿನ ಆಸ್ಥಾನದ ದಾಖಲೆ ಎನ್ನುವುದಕ್ಕಿಂತ ರಾಜ್ಯ ಕಳೆದುಕೊಂಡ ಮನೆತನವನ್ನು ಬ್ರಿಟಿಷ್ ಆಸ್ಥಾನವು ಕಂಡ ಬಗೆಯ ದಾಖಲೆ.

ಗುರುತಿಸುವಿಕೆ

ಈ ವಂಶದಲ್ಲಿ ವೀರರಾಜ, ಲಿಂಗರಾಜ ಎಂಬ ಹೆಸರುಗಳು ಮರಳಿ ಮರಳಿ ಬರುತ್ತವೆ. ಹೀಗಾಗಿ ಚಿತ್ರದ ಕೆಳಗೆ ‘ವೀರರಾಜೇಂದ್ರ’ ಎಂದಷ್ಟೇ ಇದ್ದರೆ ಅದು ಯಾರೆಂದು ನಿರ್ಧರಿಸಲಾಗದು. ರಾಜಕುಮಾರಿ ಗೌರಮ್ಮನನ್ನೂ 20ನೆಯ ಶತಮಾನದ ಕಥೆಗಾರ್ತಿ ಕೊಡಗಿನ ಗೌರಮ್ಮನನ್ನೂ ಒಬ್ಬರೆಂದು ಭಾವಿಸುವುದು ತಪ್ಪು. ಸಹಿಯಿಲ್ಲದ ಜಾನಪದ ಚಿತ್ರಗಳ ಕಾಲವನ್ನು ಕಾಗದ, ಬಣ್ಣ, ಚೌಕಟ್ಟು, ಹಿಂಬದಿಯ ಬರಹ ಹಾಗೂ ಅದು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ವಿವರಗಳಿಂದ ಊಹಿಸಲಾಗುತ್ತದೆ. ಹಳೆಯ ಚೌಕಟ್ಟನ್ನು ಬದಲಿಸುವಾಗ ಹಿಂಬದಿಯ ಬರಹವನ್ನು ಎಸೆದರೆ ಚಿತ್ರ ಉಳಿದರೂ ಅದರ ಗುರುತು ಅಳಿಯುತ್ತದೆ.

ಕಾನೂನು

1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯು 1976ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ಕನಿಷ್ಠ 100 ವರ್ಷ ಹಳೆಯದಾದ ಚಿತ್ರ, ಶಿಲ್ಪ ಮೊದಲಾದವು ಪುರಾತನ ವಸ್ತುಗಳಾಗಿವೆ; ಹಸ್ತಪ್ರತಿಗಳಿಗೆ ಈ ಮಿತಿ 75 ವರ್ಷ. ಅಧಿಸೂಚಿತ ವರ್ಗದ ವಸ್ತುಗಳನ್ನು ಖಾಸಗಿಯಾಗಿ ಹೊಂದಬಹುದಾದರೂ ನೋಂದಣಿ ಮಾಡಿಸಬೇಕು. ಇವುಗಳ ವ್ಯಾಪಾರಕ್ಕೆ ಪರವಾನಗಿ ಅಗತ್ಯ. ಖಾಸಗಿ ವ್ಯಕ್ತಿಗಳು ಇವನ್ನು ವಿದೇಶಕ್ಕೆ ರಫ್ತು ಮಾಡುವಂತಿಲ್ಲ.

ಸಂರಕ್ಷಣೆ

ಕೊಡಗಿನ ದೀರ್ಘ ಮಳೆಗಾಲದ ತೇವದಿಂದ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಬಣ್ಣದ ಪದರ ಏಳುತ್ತದೆ. ಚಿತ್ರವನ್ನು ತೇವದ ಹೊರಗೋಡೆಗೆ ತಾಗಿಸದೆ, ನೇರ ಬಿಸಿಲು ಮತ್ತು ಒಲೆಯ ಹೊಗೆಯಿಂದ ದೂರವಿಡಬೇಕು. ಒದ್ದೆ ಬಟ್ಟೆಯಿಂದ ಒರೆಸುವುದು, ಎಣ್ಣೆ ಸವರುವುದು, ಮಾಸಿದ ಭಾಗಕ್ಕೆ ಹೊಸ ಬಣ್ಣ ಬಳಿಯುವುದು ಮೂಲಕೃತಿಗೆ ಹಾನಿಕರ. ಭಿತ್ತಿಚಿತ್ರಗಳನ್ನು ಕಟ್ಟಡದಿಂದ ಬೇರ್ಪಡಿಸಿ ಕಾಪಾಡುವುದು ಕಷ್ಟವಾದುದರಿಂದ, ಚಾವಣಿಯ ಸೋರಿಕೆಯನ್ನು ತಡೆಯುವುದೇ ಅವುಗಳ ರಕ್ಷಣೆಯ ಮೊದಲ ಹೆಜ್ಜೆಯಾಗಿದೆ.