ಎಂಜಿನ್ ಮನೆಯ ಹೊಗೆಯೂ ಶ್ವಾಸಕೋಶವೂ

ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ–ಮಾರ್ಚ್ ತಿಂಗಳುಗಳಲ್ಲಿ ಕಾಫಿ ತೋಟದ ಕೆರೆ ಅಂಚಿನಲ್ಲಿ ಡೀಸೆಲ್ ಎಂಜಿನ್ನುಗಳು ಹಗಲಿರುಳೂ ಓಡುತ್ತವೆ. ಕೊಯ್ಲಿನ ಕಾಲಕ್ಕೆ ಪಲ್ಪರ್ ಮನೆಯಲ್ಲಿ, ಕರೆಂಟು ಹೋದಾಗ ಜನರೇಟರ್ ಕೋಣೆಯಲ್ಲಿ, ಮತ್ತದೇ ಡೀಸೆಲ್. ಈ ಹೊಗೆಯಿಂದ ಕಣ್ಣುರಿ, ತಲೆನೋವು ಬರುವುದನ್ನು ಬೆಳೆಗಾರ ಬಂಧುಗಳೆಲ್ಲರೂ ಬಲ್ಲರು. ಶ್ವಾಸಕೋಶದ ಕ್ಯಾನ್ಸರಿಗೂ ಇದು ಕಾರಣವೆಂಬ ಸಂಗತಿ ಮಾತ್ರ ನಮ್ಮಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿ ಡೀಸೆಲ್ ಹೊಗೆಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದಿತ್ತು. 2012ರ ಜೂನ್ ತಿಂಗಳಲ್ಲಿ ಆ ‘ಬಹುಶಃ’ವನ್ನು ತೆಗೆದುಹಾಕಿತು. ತಂಬಾಕಿನ ಹೊಗೆ, ಆಸ್ಬೆಸ್ಟಾಸ್ ಇರುವ ಗುಂಪಿಗೇ ಇದೂ ಸೇರಿತು. (ಅದೇ ಗುಂಪಿನಲ್ಲಿ ನಮ್ಮ ಅಡಿಕೆಯ ಹೆಸರೂ ಇದೆ, ಆ ಚರ್ಚೆ ಬೇರೆ, ಇನ್ನೊಂದು ಸಂಚಿಕೆಗಿರಲಿ.) ಈ ಗುಂಪು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದೆಂಬುದನ್ನಲ್ಲ.

ಸಾಕ್ಷ್ಯದ ಮುಖ್ಯವಾದೊಂದು ಭಾಗ ದೊರೆತದ್ದು ಅಮೆರಿಕದ ಗಣಿಗಳಿಂದ. ಉಪ್ಪು, ಸುಣ್ಣಕಲ್ಲು, ಟ್ರೋನಾ, ಹಾಗೂ ನಾವು ತೋಟಕ್ಕೆ ಹಾಕುವ ಪೊಟ್ಯಾಷ್ – ಇವನ್ನು ತೆಗೆಯುವ ಎಂಟು ಗಣಿಗಳ 12,315 ಕೆಲಸಗಾರರ ಚರಿತ್ರೆಯನ್ನು ಅಲ್ಲಿನ ಸರಕಾರಿ ವಿಜ್ಞಾನಿಗಳು ಪರಿಶೀಲಿಸಿ 2012ರ ಮಾರ್ಚ್‌ನಲ್ಲಿ ಪ್ರಕಟಿಸಿದರು. ಗಣಿಗಳನ್ನು ಆರಿಸಿದ ರೀತಿ ಮೆಚ್ಚತಕ್ಕದ್ದು. ಶ್ವಾಸಕೋಶವನ್ನು ಕೆಡಿಸುವ ರೇಡಾನ್ ಅನಿಲ, ಸಿಲಿಕಾ ಧೂಳು, ಆಸ್ಬೆಸ್ಟಾಸ್ ಇವು ಕಡಿಮೆ ಇರುವ ಗಣಿಗಳನ್ನೇ ಹುಡುಕಿ ತೆಗೆದುಕೊಂಡಿದ್ದರು. ಆದ್ದರಿಂದ ಅಪರಾಧವನ್ನು ಬೇರೆಯದರ ಮೇಲೆ ಹೊರಿಸುವುದು ಸುಲಭವಿರಲಿಲ್ಲ. ಕ್ಯಾನ್ಸರಿನಿಂದ ಸತ್ತ 198 ಮಂದಿಯನ್ನು ಉಳಿದವರೊಡನೆ ಹೋಲಿಸಿದಾಗ, ಧೂಮಪಾನದ ಲೆಕ್ಕವನ್ನು ಕಳೆದ ಮೇಲೂ, ಅತಿ ಹೆಚ್ಚು ಹೊಗೆ ಕುಡಿದವರಲ್ಲಿ ಅಪಾಯವು ಅತಿ ಕಡಿಮೆ ಕುಡಿದವರ ಸುಮಾರು ಮೂರು ಪಟ್ಟು ಕಂಡಿತು. ಬೀಡಿ ಸಿಗರೇಟು ಮುಟ್ಟದವರಲ್ಲಿಯೂ ಏರಿಕೆ ಇತ್ತು. ಅವರು ಲೆಕ್ಕ ಹಾಕಿದ್ದು ಹದಿನೈದು ವರ್ಷಗಳಿಗೂ ಹಿಂದೆ ಕುಡಿದ ಹೊಗೆಯನ್ನು ಎಂಬುದು ಗಮನಾರ್ಹ. ಇಂದು ಕೆಮ್ಮಿಲ್ಲದವನು ಸುರಕ್ಷಿತನೆಂದು ಹೇಳಲಾಗದು.

ಹೊಗೆಯಲ್ಲಿನ ಮಸಿಯ ಕಣಗಳು ಅತಿ ಸೂಕ್ಷ್ಮ, ಹೆಚ್ಚಿನವು ಒಂದು ಮೈಕ್ರಾನಿಗೂ ಕಿರಿದು. ಮೂಗಿನ ಕೂದಲಿಗೆ ಸಿಗದೆ ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ಬೆನ್ನಿಗೆ ಬೆಂಜೋಪೈರೀನ್‌ನಂಥ ವಿಷವಸ್ತುಗಳನ್ನು ಅಂಟಿಸಿಕೊಂಡೇ ಇಳಿಯುತ್ತವೆ. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಗಂಧಕ ತೀರ ಕಡಿಮೆಯಿರುವ ಡೀಸೆಲ್ ಬರುತ್ತಿದೆ, ಸಂತೋಷ. ಆದರೆ ನಮ್ಮ ಶೆಡ್ಡಿನ ಹಳೆಯ ಎಂಜಿನ್ನಿಗೆ ಹೊಸ ವಾಹನಗಳಲ್ಲಿರುವಂತೆ ಮಸಿ ಹಿಡಿಯುವ ಫಿಲ್ಟರ್ ಇಲ್ಲ.

ಬಯಲಿನಲ್ಲಿ ವರ್ಷಕ್ಕೆ ಕೆಲವು ಗಂಟೆ ಪಂಪು ಓಡಿಸುವ ಸಣ್ಣ ಬೆಳೆಗಾರನು ಗಣಿಯ ಕೆಲಸಗಾರನಲ್ಲ, ಗಾಬರಿಪಡಬೇಕಾಗಿಲ್ಲ. ನನ್ನ ಚಿಂತೆ ಇರುವುದು ಎಂಜಿನ್ ನೋಡಿಕೊಳ್ಳುವ ಆಳಿನ ಬಗೆಗೆ. ಕಳ್ಳರ ಭಯಕ್ಕೆ ಕಿಟಕಿಯನ್ನೇ ಇಡದೆ ನಾವು ಕಟ್ಟಿದ ಶೆಡ್ಡಿನಲ್ಲಿ, ಚಳಿಗೆ ಬೆಚ್ಚಗಿರುತ್ತದೆಂದು, ಅವನು ಎಂಜಿನ್ನಿನ ಪಕ್ಕದಲ್ಲೇ ಗೋಣಿ ಹಾಸಿ ಮಲಗುತ್ತಾನೆ. ಇದು ಗಣಿಯ ಸುರಂಗಕ್ಕೆ ಹತ್ತಿರದ ಸ್ಥಿತಿಯೇ. ಕ್ಯಾನ್ಸರಿನ ಮಾತು ಹಾಗಿರಲಿ, ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಂದೇ ರಾತ್ರಿಯಲ್ಲಿ ಪ್ರಾಣ ತೆಗೆಯಬಲ್ಲದು. ಅವನ ಹಾಸಿಗೆಗೆ ಗಾಳಿ ಬರುವ ದಿಕ್ಕಿನಲ್ಲಿ, ದೂರದಲ್ಲಿ, ಬೇರೆ ಜೋಪಡಿ ಆಗಲೇಬೇಕು. ಮುಖಕ್ಕೆ ಒದ್ದೆ ಟವೆಲು ಕಟ್ಟುವುದರಿಂದ ಏನೂ ಪ್ರಯೋಜನವಿಲ್ಲ.

ಸೈಲೆನ್ಸರ್ ಕೊಳವೆಯನ್ನು ಗೋಡೆ ದಾಟಿಸಿ ಮಾಡಿನ ಮೇಲಕ್ಕೆ ಒಯ್ಯಬೇಕು. ಕೊಳವೆ ಕಿರಿದಾದರೆ, ಅಥವಾ ತಿರುವು ಹೆಚ್ಚಾದರೆ, ಎಂಜಿನ್ ಉಸಿರುಗಟ್ಟಿ ಇನ್ನಷ್ಟು ಹೊಗೆಯಾಡುತ್ತದೆ. ಸೋಗೆ ಮಾಡಿದ್ದಲ್ಲಿ ಬೆಂಕಿಯ ಎಚ್ಚರವಿರಲಿ. ಶಾಖಕ್ಕೆಂದು ಆಸ್ಬೆಸ್ಟಾಸ್ ಹಗ್ಗ ಸುತ್ತುವ ಹಳೆಯ ರೂಢಿ ಬೇಡ, ಒಂದು ಹೋಗಿ ಇನ್ನೊಂದು ಬಂದಂತಾದೀತು. ಗಾಜಿನ ನಾರು ಸಾಕು. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿದೆ, ಇಂಜೆಕ್ಟರ್ ಕೆಟ್ಟಿದೆ, ಇಲ್ಲವೆ ಹೊರೆ ಹೆಚ್ಚಾಗಿದೆ ಎಂದು ತಿಳಿಯಿರಿ. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ. ಕೊಳವೆಯ ಜೋಡಣೆಗಳ ಸುತ್ತ ಮಸಿಯ ಗುರುತಿದ್ದರೆ ಹೊಗೆ ಅಲ್ಲಿಂದಲೇ ಒಳಕ್ಕೆ ಸೋರುತ್ತಿದೆ ಎಂದರ್ಥ. ಗ್ಯಾಸ್ಕೆಟ್ ಬದಲಿಸುವ ಕೆಲಸವನ್ನು ಜನವರಿಯೊಳಗೇ ಮುಗಿಸಿಕೊಳ್ಳುವುದು ಒಳಿತು. ಆಮೇಲೆ ಹೂ ಬಿಡಿಸುವ ಗಡಿಬಿಡಿಯಲ್ಲಿ ಮೆಕ್ಯಾನಿಕ್ ಕೈಗೆ ಸಿಗುವುದಿಲ್ಲ.