ಹಿಮದೇಶದ ದ್ರಾಕ್ಷಿ

ಪಾಣಿನೀಯವನ್ನು ವ್ಯಾಸಂಗಮಾಡಿದವರಿಗೆ ಕಾಪಿಶಾಯನವೆಂಬ ಮಧುವಿನ ಹೆಸರು ಪರಿಚಿತವಾದುದೇ. ಆ ಮಧುವಿಗೆ ಹೆಸರಿತ್ತ ಕಾಪಿಶಿಯು ಇಂದಿನ ಆಫ್ಘಾನಿಸ್ಥಾನದ ಚಳಿಯ ನಾಡು. ಆದುದರಿಂದ ದ್ರಾಕ್ಷಿಗೆ ಶೀತವೇ ವೈರಿಯೆಂದು ಹೇಳಲಾಗದು. ಆದರೆ ಆ ಪ್ರಾಚೀನ ಕುಲದ, ಎಂದರೆ ವಿನಿಫೆರಾ ಜಾತಿಯ ಬಳ್ಳಿಯ ಚಿಗುರುಗಣ್ಣುಗಳು ಶೂನ್ಯಕ್ಕಿಂತ 20–25 ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗಿನ ಚಳಿಯಲ್ಲಿ ಬಹುಮಟ್ಟಿಗೆ ನಾಶವಾಗುತ್ತವೆ. ಅಮೆರಿಕದ ಮಿನೆಸೋಟ ಪ್ರಾಂತದಲ್ಲಿ ಇದಕ್ಕೂ ಮಿಗಿಲಾದ ಚಳಿಯುಂಟು. ಅಲ್ಲಿ ಪ್ರತಿವರ್ಷವೂ ಬಳ್ಳಿಯನ್ನು ಮಣ್ಣಿನಲ್ಲಿ ಹೂಳಿಡಬೇಕು; ಇಲ್ಲವೆ ಅದರ ಕುಲವನ್ನೇ ಮಾರ್ಪಡಿಸಬೇಕು.

ನೆರೆಯ ವಿಸ್ಕಾನ್ಸಿನ್ನಿನ ಕೃಷಿಕರಾದ ಎಲ್ಮರ್ ಸ್ವೆನ್ಸನ್ನರು 1943ರಿಂದ ಈ ಎರಡನೆಯ ದಾರಿಯನ್ನು ಹಿಡಿದರು. ರಿಪೇರಿಯಾ ಎಂಬ ಕಾಡುಬಳ್ಳಿಯ—ಈ ಲ್ಯಾಟಿನ್ ಹೆಸರಿಗೆ ‘ನದೀತೀರದ್ದು’ ಎಂದರ್ಥ—ರಕ್ತವನ್ನು ತೋಟದ ಜಾತಿಗಳೊಡನೆ ಬೆರೆಸುವುದೇ ಆ ದಾರಿ. ಮಿನೆಸೋಟ ವಿಶ್ವವಿದ್ಯಾನಿಲಯವೂ ಇದೇ ಮಾರ್ಗದಲ್ಲಿ ನಡೆದು 1996ರಲ್ಲಿ ಫ್ರಾಂಟಿನ್ಯಾಕ್, 2006ರಲ್ಲಿ ಮಾರ್ಕೆಟ್ ಎಂಬ ತಳಿಗಳನ್ನು ಹೊರತಂದಿತು.

ಈ ಕಾಡುಬಳ್ಳಿಯ ಮೇಲ್ಮೆಯು ಬಲಕ್ಕಿಂತಲೂ ಕಾಲಜ್ಞತೆಯಲ್ಲಿದೆಯೆಂದು ನನಗೆ ತೋರುತ್ತದೆ. ಹಗಲು ಕಿರಿದಾಗುತ್ತಲೇ ಅದು ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಹಸುರು ಕೊಂಬೆಯು ಬಲಿತು ಕಾಷ್ಠವಾಗುತ್ತದೆ. ಕಣ್ಣಿನೊಳಗಿನ ನೀರು ಹೆಪ್ಪುಗಟ್ಟಬೇಕಾದ ಮಟ್ಟವನ್ನು ದಾಟಿಯೂ ದ್ರವರೂಪದಲ್ಲಿಯೇ ನಿಲ್ಲುತ್ತದೆ. ಆದರೆ ಬೇಗ ಮಲಗುವುದು ಬೇಗನೆ ಏಳುವುದೂ ಉಂಟಷ್ಟೆ. ಎಳೆಚಿಗುರಿಗೆ ವಸಂತದ ಹಿಮವು ತಗಲುತ್ತದೆ. ಆಗ ಅದೇ ಕಣ್ಣಿನೊಳಗೆ ಅಡಗಿರುವ ಎರಡನೆಯ ಮೊಳಕೆಯೇ ಗತಿ.

ಇನ್ನೊಂದು ದೋಷ, ರಸದ ಹುಳಿ. ಆಲಂಕಾರಿಕರ ದ್ರಾಕ್ಷಾಪಾಕವನ್ನು ಇಲ್ಲಿ ನೆನೆಯುವಂತಿಲ್ಲ! ಗೊಂಚಲನ್ನು ಬಳ್ಳಿಯಲ್ಲಿಯೇ ಹೆಚ್ಚು ದಿನ ಬಿಟ್ಟು ಮಾಗಿಸಿ, ಬಳಿಕ ಸೂಕ್ಷ್ಮಜೀವಿಗಳಿಂದ ತೀಕ್ಷ್ಣವಾದ ಮ್ಯಾಲಿಕ್ ಆಮ್ಲವನ್ನು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಪರಿವರ್ತಿಸುವುದು ಅಲ್ಲಿನವರ ಉಪಾಯ.