‘ಆರ್ಥೊಡಾಕ್ಸ್’ ಎಂಬ ಪದ: ಅರ್ಥ ಮತ್ತು ಬಳಕೆ

ಇಂಗ್ಲಿಷ್ ದೇವತಾಶಾಸ್ತ್ರ ಗ್ರಂಥಗಳನ್ನು ಓದುವವರಿಗೆ ‘ಆರ್ಥೊಡಾಕ್ಸ್’ ಎಂಬ ಪದವು ಮತ್ತೆ ಮತ್ತೆ ಎದುರಾಗುತ್ತದೆ. ಕನ್ನಡದಲ್ಲಿ ಅದನ್ನು ಸಾಮಾನ್ಯವಾಗಿ ‘ಸಂಪ್ರದಾಯಸ್ಥ’ ಎಂದು ಅನುವಾದಿಸುವ ರೂಢಿಯುಂಟು. ಈ ಅನುವಾದವು ಕೆಲವೆಡೆ ಸಲ್ಲುತ್ತದೆ. ಹಲವೆಡೆ ಅರ್ಥವನ್ನೇ ಕೆಡಿಸುತ್ತದೆ. ಬೋಧನೆಯನ್ನೂ ಸಭಾಜೀವನವನ್ನೂ ಮುಟ್ಟುವ ವಿಷಯವಾದುದರಿಂದ ಇದನ್ನು ಪರಿಶೀಲಿಸುವುದು ಯುಕ್ತ.

ಪದದ ಮೂಲ

ಇದು ಎರಡು ಗ್ರೀಕ್ ಪದಗಳ ಸಮಾಸ. ‘ಒರ್ಥೊಸ್’ ಎಂದರೆ ನೆಟ್ಟಗಿರುವ, ನೇರವಾದ, ಸರಿಯಾದ. ‘ದೋಕ್ಸ’ ಎಂಬುದಕ್ಕೆ ಪ್ರಾಚೀನ ಗ್ರೀಕರಲ್ಲಿ ಮುಖ್ಯವಾಗಿ ‘ಅಭಿಪ್ರಾಯ’ ಎಂಬ ಅರ್ಥವಿತ್ತು. ಆದರೆ ಇಬ್ರಿಯ ಶಾಸ್ತ್ರಗಳನ್ನು ಗ್ರೀಕಿಗೆ ತಂದ ಸೆಪ್ಟುಅಜಿಂಟ್ ಅನುವಾದಕರು ದೇವರ ಮಹಿಮೆಯನ್ನು ಸೂಚಿಸುವ ‘ಕಾವೋದ್’ ಎಂಬ ಪದಕ್ಕೆ ಈ ‘ದೋಕ್ಸ’ವನ್ನೇ ಬಳಸಿದರು. ಹೊಸ ಒಡಂಬಡಿಕೆಯೂ ಅದನ್ನೇ ಅನುಸರಿಸಿತು. ಹೀಗಾಗಿ ಕ್ರೈಸ್ತರ ಕಿವಿಗೆ ಈ ಸಮಾಸದಲ್ಲಿ ಎರಡು ಧ್ವನಿಗಳು ಕೇಳಿಸುತ್ತವೆ: ಸರಿಯಾದ ನಂಬಿಕೆ ಮತ್ತು ಸರಿಯಾದ ಸ್ತುತಿ. ರಷ್ಯನ್ ಮುಂತಾದ ಸ್ಲಾವ್ ಭಾಷೆಗಳು ‘ಪ್ರವೊಸ್ಲಾವಿಯೆ’ ಎಂಬ ಪದದಲ್ಲಿ ಎರಡನೆಯದನ್ನು ಉಳಿಸಿಕೊಂಡವು; ಇಂಗ್ಲಿಷಿನ ರೂಢಿಯಲ್ಲಿ ಮೊದಲನೆಯದೇ ಮೇಲಾಯಿತು.

ಮೂರು ಬಳಕೆಗಳು

ಒಂದನೆಯದಾಗಿ, ನೈಸಿಯ (325), ಕಾನ್‌ಸ್ಟಾಂಟಿನೋಪಲ್ (381) ಮುಂತಾದ ಮಹಾಸಭೆಗಳ ವಿಶ್ವಾಸಪ್ರಮಾಣಕ್ಕೆ ಒಪ್ಪುವ ಬೋಧನೆಗೆ ಈ ಪದ ಸಲ್ಲುತ್ತದೆ. ಈ ಅರ್ಥದಲ್ಲಿ ಕಥೋಲಿಕರೂ ಪ್ರಾಟೆಸ್ಟೆಂಟರೂ ತಮ್ಮನ್ನು ಹೀಗೆ ಕರೆದುಕೊಳ್ಳಬಲ್ಲರು. ಎರಡನೆಯದಾಗಿ, ಇದು ಕೆಲವು ಸಭೆಗಳ ಹೆಸರು. ಕ್ಯಾಲ್ಸಿಡನ್ ಮಹಾಸಭೆಯನ್ನು (451) ಅಂಗೀಕರಿಸಿದ ಗ್ರೀಕ್, ರಷ್ಯನ್ ಮುಂತಾದ ಸಭೆಗಳು ‘ಈಸ್ಟರ್ನ್ ಆರ್ಥೊಡಾಕ್ಸ್’. ಅಂಗೀಕರಿಸದ ಕಾಪ್ಟಿಕ್, ಆರ್ಮೇನಿಯನ್, ಸಿರಿಯನ್ ಸಭೆಗಳು ‘ಓರಿಯೆಂಟಲ್ ಆರ್ಥೊಡಾಕ್ಸ್’. ಎರಡನ್ನೂ ‘ಪೌರ್ವಾತ್ಯ’ ಎಂದುಬಿಟ್ಟರೆ ಈ ವ್ಯತ್ಯಾಸವೇ ಮರೆಯಾಗುತ್ತದೆ. ಉಡುಪಿ ಜಿಲ್ಲೆಯ ಬ್ರಹ್ಮಾವರದ ಆರ್ಥೊಡಾಕ್ಸ್ ವಿಶ್ವಾಸಿಗಳು ಈ ಎರಡನೆಯ ಕುಟುಂಬಕ್ಕೆ ಸೇರಿದವರು. ಮೂರನೆಯದಾಗಿ, ಹಳೆಯ ಆಚಾರಗಳನ್ನು ಬಿಗಿಯಾಗಿ ಪಾಲಿಸುವವರಿಗೆ ಲೋಕರೂಢಿಯಲ್ಲಿ ಈ ವಿಶೇಷಣ ಬಳಕೆಯಾಗುತ್ತದೆ.

ಮೊದಲೆರಡು ಬಳಕೆಗಳನ್ನು ಇಂಗ್ಲಿಷ್ ದೊಡ್ಡಕ್ಷರ, ಚಿಕ್ಕಕ್ಷರಗಳಿಂದ ಬೇರ್ಪಡಿಸುತ್ತದೆ. ಕನ್ನಡ ಲಿಪಿಯಲ್ಲಿ ಆ ಸೌಕರ್ಯವಿಲ್ಲ. ‘ಸಂಪ್ರದಾಯಸ್ಥ’ ಎಂಬ ಒಂದೇ ಪದವನ್ನು ಮೂರಕ್ಕೂ ಹಾಕಿದಾಗ ಮೂರನೆಯ ಅರ್ಥವೇ ಉಳಿದೆರಡನ್ನು ನುಂಗಿಬಿಡುತ್ತದೆ.

ಹಳೆಯದೆಲ್ಲ ಸರಿಯೇ?

ಆದರೆ ಸರಿಯಾದ ಬೋಧನೆಯೂ ಹಳೆಯ ರೂಢಿಯೂ ಒಂದೇ ಅಲ್ಲವೆಂಬುದಕ್ಕೆ ನೈಸಿಯ ಮಹಾಸಭೆಯೇ ಸಾಕ್ಷಿ. ಪುತ್ರನು ತಂದೆಯೊಂದಿಗೆ ಏಕಸತ್ವನು ಎಂದು ಹೇಳಲು ಅಲ್ಲಿ ಬಳಸಿದ ‘ಹೊಮೊಊಸಿಯೊಸ್’ ಎಂಬ ಪದವು ಶಾಸ್ತ್ರದಲ್ಲಿಲ್ಲ. ಆ ಕಾರಣಕ್ಕಾಗಿಯೇ ಅನೇಕರು ಅದನ್ನು ಶಂಕಿಸಿದರು. ಪದವು ಶಾಸ್ತ್ರದಲ್ಲಿಲ್ಲದಿದ್ದರೂ ಅದರ ಅಭಿಪ್ರಾಯ ಶಾಸ್ತ್ರದ್ದೇ ಎಂದು ಅಥನೇಷಿಯಸನು ಸಮರ್ಥಿಸಿದನು. ರೂಢಿಗೆ ಅಂಟಿಕೊಳ್ಳುವುದೇ ಮಾನದಂಡವಾಗಿದ್ದರೆ ಶಂಕಿಸಿದವರೇ ‘ಆರ್ಥೊಡಾಕ್ಸ್’ ಎನಿಸಿಕೊಳ್ಳಬೇಕಾಗಿತ್ತು.

ನೆಟ್ಟಗಿನ ನಡೆ

‘ಒರ್ಥೊದೋಕ್ಸಿಯ’ ಎಂಬ ನಾಮಪದವು ಹೊಸ ಒಡಂಬಡಿಕೆಯಲ್ಲಿ ಬರುವುದಿಲ್ಲ. ‘ಒರ್ಥೊಸ್’ ಎಂಬ ವಿಶೇಷಣವು ಎರಡೇ ಸಲ ಬರುತ್ತದೆ: ಲುಸ್ತ್ರದ ಕುಂಟನಿಗೆ ಪೌಲನು ನೆಟ್ಟಗೆ ನಿಲ್ಲಲು ಆಜ್ಞಾಪಿಸುವಲ್ಲಿ (ಅ. ಕೃತ್ಯಗಳು 14:10) ಮತ್ತು ಕಾಲುಗಳಿಗೆ ನೇರವಾದ ದಾರಿ ಮಾಡಿಕೊಳ್ಳಿರೆಂಬ ಬುದ್ಧಿವಾದದಲ್ಲಿ (ಇಬ್ರಿಯ 12:13). ಎರಡೂ ಕಡೆ ಮಾತು ಕಾಲುಗಳದ್ದು. ಇದೇ ಮೂಲದ ‘ಒರ್ಥೊಪೊದೆಯೊ’, ಅಂದರೆ ‘ನೆಟ್ಟಗೆ ನಡೆ’ ಎಂಬ ಕ್ರಿಯಾಪದವು ಒಮ್ಮೆ ಮಾತ್ರ ಬರುತ್ತದೆ. ಅದೂ ಅಂತಿಯೋಕ್ಯದ ಊಟದ ಪಂಕ್ತಿಯ ಸಂದರ್ಭದಲ್ಲಿ (ಗಲಾತ್ಯ 2:14).

ಅಲ್ಲಿ ಪೇತ್ರನ ವಿಶ್ವಾಸದ ಅರಿಕೆ ಬದಲಾಗಿರಲಿಲ್ಲ. ಪೌಲನು ಅವನಲ್ಲಿ ಕಂಡದ್ದು ಕಪಟ: ನಂಬಿದ್ದು ಒಂದು, ನಡೆದದ್ದು ಇನ್ನೊಂದು. ಅನ್ಯಜನರಿಂದ ಬಂದ ವಿಶ್ವಾಸಿಗಳ ಸಂಗಡ ಉಣ್ಣುತ್ತಿದ್ದವನು ಜನರಿಗೆ ಹೆದರಿ ಪಂಕ್ತಿಯಿಂದ ಹಿಂದೆಗೆದನು. ಸುವಾರ್ತೆಯ ಸತ್ಯಕ್ಕೆ ಸರಿಯಾದ ನಡೆ ಅದಲ್ಲವೆಂದು ಪೌಲನು ಎಲ್ಲರೆದುರಿಗೆ ಖಂಡಿಸಿದನು.

ನಮ್ಮ ನಾಡಿನಲ್ಲಿ ಈ ಮಾತಿನ ಭಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಸಂಪ್ರದಾಯಸ್ಥ’ ಎಂದೊಡನೆ ಕನ್ನಡಿಗರಿಗೆ ಮಡಿ, ಮೈಲಿಗೆ, ಪಂಕ್ತಿಭೇದಗಳು ನೆನಪಾಗುತ್ತವೆ. ಹಾಗಾದರೆ ವಿಶ್ವಾಸಪ್ರಮಾಣವನ್ನು ತಪ್ಪಿಲ್ಲದೆ ಹೇಳಿ ಜಾತಿ ನೋಡಿ ಊಟಕ್ಕೆ ಕೂರುವ ಕ್ರೈಸ್ತನು ನಮ್ಮ ಅನುವಾದದ ಪ್ರಕಾರ ‘ಆರ್ಥೊಡಾಕ್ಸ್’ ಎನಿಸುತ್ತಾನೆ. ಗಲಾತ್ಯ ಪತ್ರದ ಪ್ರಕಾರವಾದರೋ ನೆಟ್ಟಗೆ ನಡೆಯದವನು ಅವನೇ.

ಆದುದರಿಂದ ಸಭೆಯ ಹೆಸರಾಗಿರುವಲ್ಲಿ ‘ಆರ್ಥೊಡಾಕ್ಸ್’ ಎಂದೇ ಉಳಿಸುವುದು ಲೇಸು. ಬೋಧನೆಯ ವಿಷಯದಲ್ಲಿ ನಮ್ಮ ಸತ್ಯವೇದಾನುವಾದದಲ್ಲಿಯೇ ಇರುವ ‘ಸ್ವಸ್ಥಬೋಧನೆ’ (ತೀತ 2:1) ಎಂಬ ಪದವು ಹೆಚ್ಚು ತಕ್ಕದ್ದು; ಅದರ ಗ್ರೀಕ್ ಮೂಲಕ್ಕೆ ಆರೋಗ್ಯವುಳ್ಳದ್ದು ಎಂದರ್ಥ. ಬೋಧನೆ ಸ್ವಸ್ಥವಾಗಿದೆಯೋ ಎಂಬುದನ್ನು ಸಭೆಯ ನಾಲಿಗೆಯಿಂದ ಮಾತ್ರವಲ್ಲ, ಅದರ ನಡೆಯಿಂದಲೂ ಪಂಕ್ತಿಯಿಂದಲೂ ಪರೀಕ್ಷಿಸಬೇಕು. ‘ಸಂಪ್ರದಾಯಸ್ಥ’ ಎಂಬ ಪದವು ಆಚಾರಗಳ ವರ್ಣನೆಗೆ ಮಾತ್ರ ಮೀಸಲಾಗಿರಲಿ.